ಲಿಫ್ಟ್ ಹೊಸದು, ಶಾಫ್ಟ್ ಹಳೆಯದು: ನಡುವಿನ ತೆರಪನ್ನು ಅಳೆದವರು ಯಾರು?

ಮುಖ್ಯ ವಿದ್ಯುತ್ ಪರಿವೀಕ್ಷಕರು, ಕರ್ನಾಟಕ ಸರ್ಕಾರ, ಇವರಿಗೆ;
ಹಾಗೂ ಹಳೆಯ ಲಿಫ್ಟನ್ನು ಹೊಸದಾಗಿಸಲು ಹೊರಟಿರುವ ಎಲ್ಲ ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳಿಗೆ

ಮಾನ್ಯರೇ,

ನಾನು 31 ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿ ದುಡಿದವನು. ಲಿಫ್ಟಿನ ಒಳಗೆ ನಿಂತದ್ದಕ್ಕಿಂತ ಅದರ ನೆತ್ತಿಯ ಮೇಲೆ ಕುಳಿತದ್ದೇ ಹೆಚ್ಚು. ಈಗ ನಿವೃತ್ತ. ಮಲ್ಲೇಶ್ವರದ ಕಡೆ ನಾವಿರುವ ಕಟ್ಟಡ 1991ರದು. ನೆಲಮಹಡಿಯ ಮೇಲೆ ನಾಲ್ಕು ಮಹಡಿ, 16 ಮನೆ, ಒಂದೇ ಲಿಫ್ಟ್. ಕೈಯಿಂದ ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು, ಒಳಗೆ '6 ಜನ, 408 ಕೆ.ಜಿ.' ಎಂದು ಕೊರೆದ ಫಲಕ. ಅದನ್ನು ತೆಗೆದು ಹೊಸತನ ಕೊಡೋಣ ಎಂದು ಕಳೆದ ವರ್ಷ ಸಂಘದ ಸಭೆಯಲ್ಲಿ ತೀರ್ಮಾನವಾಯಿತು. ಕಾರ್ಯದರ್ಶಿಯವರು ಕೊಟೇಶನ್ ತಂದು ನನ್ನ ಕೈಗಿತ್ತು, "ನೀವು ಈ ಕಸುಬಿನವರು, ಒಮ್ಮೆ ನೋಡಿಬಿಡಿ" ಎಂದರು.

ಆರು ಪುಟದ ಕೊಟೇಶನ್. ಸ್ಟೀಲಿನ ಕ್ಯಾಬಿನ್, ಕನ್ನಡಿ, ಎಲ್‌ಇಡಿ ದೀಪಗಳ ಫಾಲ್ಸ್ ಸೀಲಿಂಗ್, ಗ್ರಾನೈಟ್ ನೆಲ, ತಾನಾಗಿ ತೆರೆದು ಮುಚ್ಚುವ ಬಾಗಿಲು. ವೇಗ ಸೆಕೆಂಡಿಗೆ 0.68 ಮೀಟರಿನಿಂದ 1 ಮೀಟರಿಗೆ. ಬಣ್ಣದ ಚಿತ್ರಗಳೂ ಇದ್ದವು. ಆದರೆ ನಾನು ಮೊದಲು ಹುಡುಕಿದ ಎರಡು ಸಂಖ್ಯೆಗಳು ಎಲ್ಲಿಯೂ ಇರಲಿಲ್ಲ. ಲಿಫ್ಟ್ ಮೇಲಿನ ಮಹಡಿಯಲ್ಲಿ ನಿಂತಾಗ ಅದರ ನೆತ್ತಿಗೂ ಶಾಫ್ಟಿನ, ಅಂದರೆ ಲಿಫ್ಟ್ ಏರಿಳಿಯುವ ಬಾವಿಯಂಥ ಜಾಗದ, ಚಾವಣಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ? ಕೆಳಗೆ ನಿಂತಾಗ ಅದರ ತಳಕ್ಕೂ ಶಾಫ್ಟಿನ ಅಡಿಯಲ್ಲಿರುವ ಗುಂಡಿಯ ನೆಲಕ್ಕೂ ನಡುವೆ ಎಷ್ಟು? ಅಂದಾಜು ಮಾಡಲು ಬಂದಿದ್ದ ಹುಡುಗನನ್ನು ಫೋನಿನಲ್ಲಿ ಕೇಳಿದೆ. "ಸರ್, ಶಾಫ್ಟ್ ಅದೇ ಇರುತ್ತದಲ್ಲ, ಅಳೆಯುವುದೇನಿದೆ?" ಎಂದ. ಒಳ್ಳೆಯ ಹುಡುಗನೇ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ. ಶಾಫ್ಟ್ ಅದೇ ಇರುತ್ತದೆ ಎಂಬುದೇ ತೊಂದರೆಯ ಮೂಲ. ಅದರೊಳಗೆ ಓಡುವ ವಸ್ತು ಬೆಳೆಯುತ್ತದೆ, ಶಾಫ್ಟ್ ಬೆಳೆಯುವುದಿಲ್ಲ.

'ಕ್ಲಿಯರೆನ್ಸ್' ಎಂಬ ಮಾತಿಗೆ ಕಚೇರಿಯಲ್ಲಿ ಒಂದು ಅರ್ಥ, ಶಾಫ್ಟಿನಲ್ಲಿ ಇನ್ನೊಂದು. ಕಚೇರಿಯಲ್ಲಿ ಅದು ಅನುಮತಿಯ ಕಾಗದ. ಶಾಫ್ಟಿನಲ್ಲಿ ಅದು ತೆರಪು, ಒಬ್ಬ ಮನುಷ್ಯ ಜಜ್ಜಿಹೋಗದೆ ಉಳಿಯಲು ಬೇಕಾದ ಖಾಲಿ ಜಾಗ. ಮೊದಲನೆಯದು ಎರಡನೆಯದನ್ನು ಅಳೆದ ಮೇಲೆಯೇ ಸಿಗಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ಜನರ ಮನಸ್ಸಿನಲ್ಲಿರುವ ಭಯ ಲಿಫ್ಟ್ ಕೆಳಗೆ ಬಿದ್ದುಬಿಡುತ್ತದೆ ಎಂಬುದು. ನಾವು ಹೆದರುವುದು ಅದಕ್ಕಲ್ಲ, ಲಿಫ್ಟ್ ಮೇಲಕ್ಕೆ ಹೋಗುವುದಕ್ಕೆ. ಹಗ್ಗದ ಇನ್ನೊಂದು ತುದಿಯಲ್ಲಿ ಸರಿದೂಗಿಸಲೆಂದು ತೂಗುವ ಕೌಂಟರ್‌ವೇಟಿನ ತೂಕ ಖಾಲಿ ಕ್ಯಾಬಿನ್ನಿನ ತೂಕಕ್ಕಿಂತ ಹೆಚ್ಚು. ಲಿಫ್ಟ್ ಹೊರಬಹುದಾದ ಭಾರದ ಶೇಕಡ 40ರಿಂದ 50ರಷ್ಟನ್ನು ಕೂಡಿಸಿಯೇ ಅದನ್ನು ತುಂಬಿರುತ್ತಾರೆ. ಬ್ರೇಕ್ ಹಿಡಿತ ಸಡಿಲವಾದರೆ ಖಾಲಿ ಕ್ಯಾಬಿನ್ ತಾನಾಗಿ ಮೇಲಕ್ಕೆ ಹೊರಡುತ್ತದೆ. ಕೌಂಟರ್‌ವೇಟ್ ಗುಂಡಿಯಲ್ಲಿರುವ ಬಫರ್ ಸ್ಪ್ರಿಂಗಿನ ಮೇಲೆ ಕುಳಿತು, ಸ್ಪ್ರಿಂಗ್ ಪೂರ್ತಿ ಕುಗ್ಗುವವರೆಗೆ ಕ್ಯಾಬಿನ್ ಏರುತ್ತಲೇ ಇರುತ್ತದೆ. ಆ ಗಳಿಗೆಯಲ್ಲಿ ಅದರ ನೆತ್ತಿಯ ಮೇಲೆ ಮೆಕ್ಯಾನಿಕ್ ಇದ್ದರೆ ಅವನಿಗೆ ಉಳಿಯುವ ಜಾಗವೇ ಅವನ ಆಯುಸ್ಸು.

1998ರ ಮಳೆಗಾಲದ ಒಂದು ಮಧ್ಯಾಹ್ನ ನನಗೆ ಇಂದಿಗೂ ಮರೆತಿಲ್ಲ. ಒಂದು ವಾಣಿಜ್ಯ ಕಟ್ಟಡ. ನಾನೂ ನನ್ನ ಸಹಾಯಕನೂ ಕ್ಯಾಬಿನ್ನಿನ ಮೇಲೆ ಕುಳಿತು, ಅದು ಹಿಡಿದು ಏರಿಳಿಯುವ ಗೈಡ್ ರೈಲಿನ ಮೇಲಿನ ತುದಿಯನ್ನು ಒರೆಸುತ್ತಿದ್ದೆವು. ಆ ಕ್ಯಾಬಿನ್ನಿಗೆ ಕೆಲವು ತಿಂಗಳ ಹಿಂದೆ ಒಳಾಂಗಣ ಅಲಂಕಾರದ ಗುತ್ತಿಗೆದಾರರೊಬ್ಬರು ಹೊಸ ಸೀಲಿಂಗ್ ಮತ್ತು ಫ್ಯಾನ್ ಕೂರಿಸಿದ್ದರು. ಫ್ಯಾನಿಗಾಗಿ ನೆತ್ತಿಯ ಮೇಲೆ ಎಂಟು ಇಂಚು ಎತ್ತರದ ತಗಡಿನ ಪೆಟ್ಟಿಗೆ ಎದ್ದಿತ್ತು. ಲಿಫ್ಟ್ ನೋಡಿಕೊಳ್ಳುವ ನಮಗೆ ಯಾರೂ ತಿಳಿಸಿರಲಿಲ್ಲ. ಅದು ಅಲಂಕಾರದ ಕೆಲಸ, ಲಿಫ್ಟಿನ ಕೆಲಸವಲ್ಲ ಎಂಬುದು ಅವರ ಲೆಕ್ಕ. ಮೆಷಿನ್ನಿನಿಂದ ಎಣ್ಣೆ ಜಿನುಗಿ ಬ್ರೇಕಿನ ಪಟ್ಟಿಗೆ ತಗುಲಿತ್ತು. ಕ್ಯಾಬಿನ್ ಸದ್ದಿಲ್ಲದೆ ಜಾರತೊಡಗಿತು. ಮೇಲಕ್ಕೆ. ನಾನು ಮೂಲೆಯಲ್ಲಿದ್ದೆ, ತಗ್ಗಿನಲ್ಲಿ ಮಡಚಿಕೊಂಡೆ. ಅವನು ಆ ಪೆಟ್ಟಿಗೆಯ ಮೇಲೆ ಕುಳಿತಿದ್ದ. "ಅಣ್ಣಾ" ಎಂದು ಒಂದೇ ಸಲ ಕೂಗಿದ. ಕಾಂಕ್ರೀಟ್ ತೊಲೆ ಅವನ ಭುಜದ ಮೇಲೆ ಕುಳಿತು ನಿಂತಿತು. ಕೊರಳೆಲುಬು, ಎರಡು ಪಕ್ಕೆಲುಬು. ಜೀವ ಉಳಿಯಿತು, ಆದರೆ ಅವನು ಮತ್ತೆ ಶಾಫ್ಟಿನೊಳಗೆ ಕಾಲಿಡಲಿಲ್ಲ. ಅವನನ್ನು ಆಸ್ಪತ್ರೆಗೆ ಸೇರಿಸಿ ಬಂದ ಮೇಲೆ ಟೇಪು ಹಿಡಿದು ಅಳೆದೆ. ಪೆಟ್ಟಿಗೆಯಿಂದ ತೊಲೆಗೆ 14 ಇಂಚು. ಪೆಟ್ಟಿಗೆ ಇಲ್ಲದಿದ್ದರೆ 22 ಇಂಚು. ಆ ಎಂಟು ಇಂಚಿನಲ್ಲಿ ಒಬ್ಬನ ಕಸುಬು ಹೋಯಿತು.

ಈಗ ನಮ್ಮ ಕಟ್ಟಡದ ಲೆಕ್ಕ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ. ನಾಲ್ಕನೆಯ ಮಹಡಿಯ ನೆಲದಿಂದ ಶಾಫ್ಟಿನ ಚಾವಣಿಗೆ 3,700 ಮಿ.ಮೀ. ಹಳೆಯ ಕ್ಯಾಬಿನ್ನಿನ ನೆತ್ತಿ ಅದರ ಹೊಸ್ತಿಲಿನಿಂದ 2,250 ಮಿ.ಮೀ. ಎತ್ತರದಲ್ಲಿದೆ. ಉಳಿದದ್ದು 1,450. ಇದರಲ್ಲಿ ಕೌಂಟರ್‌ವೇಟ್ ಬಫರನ್ನು ಮುಟ್ಟುವ ಮೊದಲಿನ ಅಂತರ 150, ಬಫರ್ ಕುಗ್ಗುವುದು 70. ಇಷ್ಟಾದ ಮೇಲೂ ಕೌಂಟರ್‌ವೇಟ್ ಥಟ್ಟನೆ ನಿಂತಾಗ ಕ್ಯಾಬಿನ್ ವೇಗದ ಭರಕ್ಕೆ ಒಂದಿಷ್ಟು ಜಿಗಿಯುತ್ತದೆ. ಈ ಜಿಗಿತಕ್ಕೆ ಲಿಫ್ಟ್ ಶಾಸ್ತ್ರದಲ್ಲಿ ಹಳೆಯದೊಂದು ಸೂತ್ರವಿದೆ: ವೇಗದ ವರ್ಗವನ್ನು 0.035ರಿಂದ ಗುಣಿಸಿದರೆ ಅದು ಮೀಟರಿನಲ್ಲಿ ಸಿಗುತ್ತದೆ. 0.68 ಮೀಟರ್ ವೇಗಕ್ಕೆ 16 ಮಿ.ಮೀ. ಎಲ್ಲ ಕಳೆದರೆ ಹಳೆಯ ಲಿಫ್ಟಿನ ಮೇಲೆ ಉಳಿಯುವುದು 1,214 ಮಿ.ಮೀ. ಕುಕ್ಕರಗಾಲಿನಲ್ಲಿ ಕುಳಿತವನ ತಲೆಗೆ ಪೆಟ್ಟಾಗುವುದಿಲ್ಲ.

ಕೊಟೇಶನ್‌ನಲ್ಲಿದ್ದ ಹೊಸ ಕ್ಯಾಬಿನ್ನಿನ ನೆತ್ತಿ 2,480 ಮಿ.ಮೀ. ಎತ್ತರದಲ್ಲಿ ಬರುತ್ತದೆ, ಒಳಗೆ ಎತ್ತರ ಕಾಣಬೇಕು, ಮೇಲೆ ಸೀಲಿಂಗಿನ ದೀಪಗಳಿಗೆ ಜಾಗ ಬೇಕು. ಉಳಿದದ್ದು 1,220. ವೇಗ 1 ಮೀಟರ್ ಆದದ್ದರಿಂದ ಜಿಗಿತ 16ರಿಂದ 35ಕ್ಕೇರಿತು. 150, 70, 35 ಕಳೆಯಿರಿ: 965 ಮಿ.ಮೀ. ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8100-1 ಪ್ರಕಾರ ಕ್ಯಾಬಿನ್ನಿನ ಮೇಲೆ ಒಬ್ಬನು ನಿಲ್ಲಲು ಅರ್ಧ ಮೀಟರ್ ಉದ್ದ, 0.4 ಮೀಟರ್ ಅಗಲ, 2 ಮೀಟರ್ ಎತ್ತರದ ಜಾಗ ಇರಬೇಕು. ಅದಿಲ್ಲವಾದರೆ ಕುಕ್ಕರಿಸಿ ಕೂರಲು 0.7 ಮೀಟರ್ ಉದ್ದ, 0.5 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗವಾದರೂ ಇರಬೇಕು. ನಮ್ಮ 965 ಅದಕ್ಕೂ ಸಾಲದು. ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಹೊರತಂದ ಐಎಸ್ 17900 ಈ ಅಂತರರಾಷ್ಟ್ರೀಯ ಮಾನಕವನ್ನೇ ಆಧರಿಸಿದೆ. ಅದಕ್ಕೆ ಮೊದಲು, 2000ದಿಂದ, ಐಎಸ್ 14665 ಇತ್ತು. ನಮ್ಮ ಲಿಫ್ಟ್ ಇವೆರಡಕ್ಕೂ ಹಿಂದಿನದು. ಹಾಗಿದ್ದರೂ ಅದರಲ್ಲಿದ್ದ ಮನುಷ್ಯನ ಜಾಗವನ್ನು ಹೊಸ ಕ್ಯಾಬಿನ್ ಕಾಲು ಮೀಟರಿನಷ್ಟು ತಿಂದುಹಾಕುತ್ತಿತ್ತು. ಲಕ್ಷಾಂತರ ರೂಪಾಯಿ ಕೊಟ್ಟು, ಇದ್ದ ಸುರಕ್ಷತೆಯನ್ನು ನಾವೇ ಕೈಯಾರೆ ಕಡಿಮೆ ಮಾಡಿಕೊಳ್ಳುತ್ತಿದ್ದೆವು.

ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಉಕ್ಕಿನ ಹಗ್ಗಗಳು ಬಳಕೆಯಲ್ಲಿ ಉದ್ದವಾಗುತ್ತವೆ, ಕೌಂಟರ್‌ವೇಟ್ ಬಫರಿನ ಹತ್ತಿರಕ್ಕೆ ಇಳಿಯುತ್ತದೆ. ಆಗ ಹಗ್ಗವನ್ನು ಕತ್ತರಿಸಿ ಗಿಡ್ಡ ಮಾಡುತ್ತಾರೆ, ಇಲ್ಲವೇ ಕೌಂಟರ್‌ವೇಟಿನ ತಳಕ್ಕೆ ಕಟ್ಟಿದ ತುಂಡುಗಳನ್ನು ತೆಗೆಯುತ್ತಾರೆ. ಕೈ ಸ್ವಲ್ಪ ಮುಂದೆ ಹೋಗಿ 150 ಇರಬೇಕಾದ ಅಂತರ 250 ಆಯಿತೆನ್ನಿ. ಕ್ಯಾಬಿನ್ ಅಷ್ಟೇ ಹೆಚ್ಚು ಮೇಲೇರಬಲ್ಲದು. 965 ಇದ್ದದ್ದು 865 ಆಗುತ್ತದೆ. ಗುಂಡಿಯಲ್ಲಿ ಮಾಡಿದ ಕೆಲಸ ಚಾವಣಿಯಡಿ ಕುಳಿತವನ ಕತ್ತಿಗೆ ಬರುತ್ತದೆ. ಅಮೆರಿಕದ ಲಿಫ್ಟ್ ನಿಯಮಸಂಹಿತೆಯಲ್ಲಿ ಇದಕ್ಕೆ ಸರಳ ಮದ್ದಿದೆ: ಕೌಂಟರ್‌ವೇಟಿನ ಬಫರಿನ ಪಕ್ಕದಲ್ಲಿ, ಈ ಅಂತರ ಗರಿಷ್ಠ ಇಷ್ಟೇ ಇರಬಹುದು ಎಂದು ಬರೆದ ಫಲಕವೊಂದನ್ನು ಕಡ್ಡಾಯವಾಗಿ ಹಾಕಬೇಕು. ನಮ್ಮಲ್ಲಿಯೂ ಅಂತಹ ಫಲಕ ಬಂದರೆ ಎಷ್ಟು ಒಳ್ಳೆಯದಾಗುತ್ತದೆ! ಮುಂದೆ ಹಗ್ಗ ಬದಲಾಯಿಸುವ ಹುಡುಗ ಲೆಕ್ಕ ಮಾಡಬೇಕಾಗಿಲ್ಲ, ಓದಿದರೆ ಸಾಕು.

ಗ್ರಾನೈಟ್ ನೆಲದ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಸಭೆಯಲ್ಲಿ ಎಲ್ಲರೂ ಅದಕ್ಕೇ ಮನಸೋತಿದ್ದರು. ಆರು ಜನರ ಕ್ಯಾಬಿನ್ ಸುಮಾರು 1,100 ಮಿ.ಮೀ. ಅಗಲ, 1,000 ಮಿ.ಮೀ. ಆಳ. ಅದಕ್ಕೆ 20 ಮಿ.ಮೀ. ದಪ್ಪದ ಗ್ರಾನೈಟ್ ಹಾಸಿದರೆ 59 ಕೆ.ಜಿ.ಯ ಹತ್ತಿರ. ಅಮೆರಿಕದ ಅದೇ ಸಂಹಿತೆ ಹೇಳುವಂತೆ, ಕ್ಯಾಬಿನ್ನಿನ ಸ್ವಂತ ತೂಕ ಮತ್ತು ಅದು ಹೊರುವ ಭಾರ ಎರಡರ ಮೊತ್ತ ಮೊದಲಿಗಿಂತ ಶೇಕಡ 5ಕ್ಕೂ ಹೆಚ್ಚಾದರೆ ಅದು ಬರಿಯ ಅಲಂಕಾರವಲ್ಲ, ಮಾರ್ಪಾಟು. ಆಗ ಅಪಾಯದಲ್ಲಿ ಹಿಡಿದು ನಿಲ್ಲಿಸುವ ಸೇಫ್ಟಿ ಗೇರ್, ಬಫರ್, ಬ್ರೇಕ್ ಮೊದಲಾದುವೆಲ್ಲ ಆ ಭಾರಕ್ಕೆ ತಕ್ಕವೇ ಎಂದು ನೋಡಬೇಕಾಗುತ್ತದೆ. ನಮ್ಮ ಕ್ಯಾಬಿನ್ ಚೌಕಟ್ಟೂ ಸೇರಿ ಸುಮಾರು 700 ಕೆ.ಜಿ., ಹೊರುವುದು 408. ಮೊತ್ತದ ಶೇಕಡ 5 ಎಂದರೆ 55 ಕೆ.ಜಿ. ನೆಲದ ಕಲ್ಲೊಂದೇ ಆ ಗೆರೆಯನ್ನು ದಾಟಿತು. ಸ್ಟೀಲ್ ಗೋಡೆ, ಕನ್ನಡಿ, ಬಾಗಿಲಿನ ಮೋಟಾರು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಗುಂಡಿಯ ಕಡೆ ಬನ್ನಿ. ನಮ್ಮದು 900 ಮಿ.ಮೀ. ಆಳ, ಸಂಪಿನ ಪಕ್ಕ. ಮಳೆ ಜೋರಾದ ವರ್ಷ ಗೋಡೆಯಿಂದ ನೀರು ಒಸರುತ್ತದೆ. ಕ್ಯಾಬಿನ್ನಿನ ಹೊಸ್ತಿಲಿನ ಕೆಳಗೆ ತಗಡಿನ ಪರದೆಯೊಂದು ಇಳಿಬಿದ್ದಿರಬೇಕು. ನಾವು ಅದನ್ನು ಏಪ್ರನ್ ಎನ್ನುತ್ತೇವೆ. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಾಗ ಒಳಗಿದ್ದವರು ಬಾಗಿಲು ತೆರೆದು ಕೆಳಗಿನ ಮಹಡಿಗೆ ಹಾರುತ್ತಾರೆ. ಕಾಲು ನೆಲಕ್ಕೆ ತಾಗುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಬೆನ್ನ ಹಿಂದೆ ಕ್ಯಾಬಿನ್ನಿನ ತಳದಡಿ ಶಾಫ್ಟ್ ಬಾಯಿ ತೆರೆದಿರುತ್ತದೆ. ಆ ಬಾಯಿಯನ್ನು ಮುಚ್ಚುವುದೇ ಏಪ್ರನ್. ಅದರ ಉದ್ದ ಕನಿಷ್ಠ 750 ಮಿ.ಮೀ. ಇರಬೇಕೆಂದು ಮಾನಕ ಹೇಳುತ್ತದೆ. 900ರ ಗುಂಡಿಯಲ್ಲಿ 750ರ ಏಪ್ರನ್ ಇಳಿಬಿಟ್ಟರೆ ಉಳಿಯುವುದು 150. ಕ್ಯಾಬಿನ್ ತನ್ನ ಬಫರಿನ ಮೇಲೆ ಕುಳಿತು ಕುಗ್ಗುವ ಮೊದಲೇ ತಗಡು ನೆಲಕ್ಕೆ ಗುದ್ದುತ್ತದೆ. ಕೆಲಸಗಾರರು ಮಾಡುವುದೇನು? ತಗಡನ್ನು 300ಕ್ಕೆ ಕತ್ತರಿಸುತ್ತಾರೆ. ಹೊಳೆಯುವ ಹೊಸ ಲಿಫ್ಟಿನ ಕೆಳಗೆ ಆ ಗಿಡ್ಡ ತಗಡನ್ನು ಬಗ್ಗಿ ನೋಡುವವರು ಯಾರೂ ಇಲ್ಲ.

ಇದಕ್ಕೆ ದಾರಿಯೇ ಇಲ್ಲವೆಂದಲ್ಲ. ಹಳೆಯ ಕಟ್ಟಡಗಳಲ್ಲಿ ಮೇಲೆ ಕೆಳಗೆ ಜಾಗ ಸಾಲದಿದ್ದಾಗ ಏನು ಮಾಡಬೇಕೆಂದು ಯುರೋಪಿನಲ್ಲಿ ಇಎನ್ 81-21 ಎಂಬ ಪ್ರತ್ಯೇಕ ಮಾನಕವೇ ಇದೆ. ಮಡಚಿಕೊಳ್ಳುವ ಏಪ್ರನ್, ಮೆಕ್ಯಾನಿಕ್ ಶಾಫ್ಟಿಗೆ ಇಳಿದಾಗ ಮಾತ್ರ ಅಡ್ಡ ಬಂದು ಕ್ಯಾಬಿನ್ನನ್ನು ಮೊದಲೇ ತಡೆದು ನಿಲ್ಲಿಸುವ ಚಲಿಸುವ ತಡೆಗಳು, ಆ ತಡೆ ತನ್ನ ಜಾಗಕ್ಕೆ ಬಾರದಿದ್ದರೆ ಲಿಫ್ಟ್ ಅಲುಗದಂತೆ ಮಾಡುವ ವಿದ್ಯುತ್ ಬಂದೋಬಸ್ತು. ಹಳೆಯ ಲಿಫ್ಟುಗಳನ್ನು ಹಂತಹಂತವಾಗಿ ಸುಧಾರಿಸಲೆಂದು 2003ರಲ್ಲಿ ಬಂದ ಇಎನ್ 81-80 ಅಪಾಯದ 74 ಸನ್ನಿವೇಶಗಳನ್ನು ಪಟ್ಟಿ ಮಾಡಿತ್ತು. ಅದರಲ್ಲಿ ನಮ್ಮ ಜಾಲರಿ ಬಾಗಿಲೂ ಇದೆ, ಕಡಿಮೆ ಜಾಗದ ಶಾಫ್ಟೂ ಇದೆ. ಅಂದರೆ ಹಳೆಯದು ಹಾಗೆಯೇ ಇರಲಿ ಎಂದು ಯಾರೂ ಹೇಳುತ್ತಿಲ್ಲ, ನಾನೂ ಹೇಳುತ್ತಿಲ್ಲ. ಜಾಲರಿ ಬಾಗಿಲಿಗೂ ಹೊರಗಿನ ಬಾಗಿಲಿಗೂ ನಡುವೆ ಮಗುವೊಂದು ನಿಲ್ಲುವಷ್ಟು ಜಾಗವಿರುವ ಲಿಫ್ಟುಗಳನ್ನು ನಾನೇ ಎಷ್ಟೋ ನೋಡಿದ್ದೇನೆ. ಹೊಸ ಮಾನಕದಂತೆ ಆ ಅಂತರ 120 ಮಿ.ಮೀ. ಮೀರಬಾರದು, ಹೊಸ್ತಿಲುಗಳ ನಡುವಿನ ಸಂದು 35 ಮಿ.ಮೀ. ಮೀರಬಾರದು. ಬಾಗಿಲು ಬದಲಾಗಲೇಬೇಕು. ಬದಲಾಯಿಸುವಾಗ ಒಂದು ತೆರಪನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕೆಡಿಸಬೇಡಿ ಎಂಬುದಷ್ಟೇ ನನ್ನ ಮಾತು.

ಹೊಸ ನಿಯಮ ಹೊಸ ಲಿಫ್ಟಿಗೆ ಮಾತ್ರ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. 2006ರ ಜೂನ್ 3ರಂದು ಟೋಕಿಯೊದ ಮಿನಾತೊ ವಾರ್ಡಿನ ವಸತಿ ಕಟ್ಟಡವೊಂದರಲ್ಲಿ 16 ವರ್ಷದ ವಿದ್ಯಾರ್ಥಿಯೊಬ್ಬ ಸೈಕಲ್ಲಿನೊಂದಿಗೆ ಲಿಫ್ಟಿನಿಂದ ಹೊರಬರುತ್ತಿದ್ದಾಗ, ಬಾಗಿಲು ತೆರೆದಿರುವಂತೆಯೇ ಲಿಫ್ಟ್ ಮೇಲಕ್ಕೇರಿತು, ಹುಡುಗ ತೀರಿಕೊಂಡ. ಬ್ರೇಕಿನ ಪಟ್ಟಿ ಸವೆದಿತ್ತು. ಮೇಲಕ್ಕೇ ಏರಿತು ಎಂಬುದನ್ನು ಗಮನಿಸಿ. ಬಾಗಿಲು ತೆರೆದಾಗ ಲಿಫ್ಟ್ ಚಲಿಸಿದರೆ ತಡೆದು ನಿಲ್ಲಿಸುವ ಸಾಧನವನ್ನು 2009ರಿಂದ ಜಪಾನ್ ಹೊಸ ಲಿಫ್ಟುಗಳಿಗೆ ಕಡ್ಡಾಯ ಮಾಡಿತು. ಹಳೆಯವು ಹಾಗೆಯೇ ಓಡಿದವು. 2012ರಲ್ಲಿ ಕನಜಾವಾದ ಹೋಟೆಲೊಂದರಲ್ಲಿ ಅಂಥದೇ ಹಳೆಯ ಲಿಫ್ಟ್ ಇನ್ನೊಂದು ಜೀವ ತೆಗೆದುಕೊಂಡಿತು. 2022ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಲಾಡಿನ ಶಾಲೆಯೊಂದರಲ್ಲಿ 26 ವರ್ಷದ ಶಿಕ್ಷಕಿ ಲಿಫ್ಟಿಗೆ ಸಿಲುಕಿ ಪ್ರಾಣ ಕಳೆದುಕೊಂಡದ್ದನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಪರಿವೀಕ್ಷಕರೇ, ನಮ್ಮ ರಾಜ್ಯದಲ್ಲಿ ಲಿಫ್ಟಿಗೆ ಕಾನೂನಿನ ಕೊರತೆಯಿಲ್ಲ. 1974ರ ಲಿಫ್ಟ್ ಅಧಿನಿಯಮದ ಕಾಲದಿಂದಲೂ, ಈಗಿನ 2012ರ ಅಧಿನಿಯಮದಲ್ಲೂ, ಲಿಫ್ಟ್ ಕೂರಿಸಲು ಅನುಮತಿ ಬೇಕು, ಓಡಿಸಲು ಪರವಾನಗಿ ಬೇಕು, ಮಾರ್ಪಡಿಸಲು ಮತ್ತೆ ಅನುಮತಿ ಬೇಕು. ನಾನು ಬೇಡುವುದು ಹೊಸ ಕಾನೂನನ್ನಲ್ಲ. ಮಾರ್ಪಾಟಿನ ಅರ್ಜಿಯ ಜೊತೆಗೆ ಒಂದು ಹಾಳೆ ಇರಲಿ: ಚಾವಣಿಯ ತೆರಪು, ಗುಂಡಿಯ ತೆರಪು, ಬಾಗಿಲುಗಳ ಅಂತರ, ಏಪ್ರನ್ನಿನ ಉದ್ದ, ಕ್ಯಾಬಿನ್ನಿನ ತೂಕ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟು. ಅಳೆದವನ ಸಹಿ ಕೆಳಗೆ. ನಕ್ಷೆ ನೋಡಿ ತುಂಬಿದ ಸಂಖ್ಯೆ ಬೇಡ. ಹಳೆಯ ಕಟ್ಟಡಗಳಲ್ಲಿ ನಕ್ಷೆಗೂ ನಿಜಕ್ಕೂ ಅರ್ಧ ಅಡಿ ವ್ಯತ್ಯಾಸ ಬರುವುದು ಮಾಮೂಲು. ಶಾಫ್ಟಿಗೆ ಇಳಿದು ಟೇಪು ಹಿಡಿದು ಅಳೆದದ್ದು ಬೇಕು. ಕೆಲಸ ಮುಗಿದ ಮೇಲೆ ಕೌಂಟರ್‌ವೇಟನ್ನು ಬಫರಿನ ಮೇಲೆ ಕೂರಿಸಿ ಕ್ಯಾಬಿನ್ನಿನ ಮೇಲಿನ ಜಾಗವನ್ನು ತಮ್ಮ ಪರಿವೀಕ್ಷಕರ ಎದುರಿಗೇ ಅಳೆಯಲಿ. ಮತ್ತು ಕ್ಯಾಬಿನ್ನಿನ ಒಳಾಂಗಣ ಬದಲಾವಣೆ ಎಷ್ಟು ತೂಕ ದಾಟಿದರೆ, ನೆತ್ತಿಯ ಎತ್ತರ ಎಷ್ಟು ಹೆಚ್ಚಿದರೆ ಅದು ಮಾರ್ಪಾಟು ಎನಿಸಿಕೊಳ್ಳುತ್ತದೆ ಎಂದು ಸುತ್ತೋಲೆಯೊಂದರಲ್ಲಿ ಸ್ಪಷ್ಟವಾಗಿ ಸಂಖ್ಯೆ ಹಾಕಿ ಹೇಳಿ. ಎಲ್ಲಕ್ಕಿಂತ ಹೆಚ್ಚು ಜೀವ ಉಳಿಸುವುದು ಇದೇ ಎಂದು ನನ್ನ ನಂಬಿಕೆ. 1998ರ ಆ ತಗಡಿನ ಪೆಟ್ಟಿಗೆಯನ್ನು ಯಾರೂ ಲಿಫ್ಟಿನ ಭಾಗ ಎಂದುಕೊಂಡಿರಲಿಲ್ಲ.

ಸಂಘದ ಪದಾಧಿಕಾರಿಗಳೇ, ನಿಮ್ಮ ಕೈಯಲ್ಲಿರುವುದು ಇನ್ನೂ ಸುಲಭದ ಕೆಲಸ. ಮುಂಗಡದ ಚೆಕ್ಕಿಗೆ ಸಹಿ ಹಾಕುವ ಮೊದಲು ಈ ಅಳತೆಗಳನ್ನು ಕೊಟೇಶನ್‌ನಲ್ಲೇ ಬರೆದುಕೊಡಲು ಕೇಳಿ. ಕೊಡದವರನ್ನು ಕರೆಯಬೇಡಿ. ಬೆಲೆ ಕಡಿಮೆ ಎಂದು ಹೇಳಿದವರು ಏನನ್ನು ಬಿಟ್ಟಿದ್ದಾರೆ ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಸರ್ವಿಸಿಗೆ ಬರುವ ಹುಡುಗನಿಗೆ ಚಹಾ ಕೊಡುತ್ತೀರಿ, ಹಬ್ಬಕ್ಕೆ ಇನಾಮು ಕೊಡುತ್ತೀರಿ, ಅವನ ಹೆಸರೂ ನಿಮಗೆ ಗೊತ್ತಿರುತ್ತದೆ. ಅವನು ಕೂರುವ ಜಾಗ ಎಷ್ಟಿದೆ ಎಂಬುದೂ ನಿಮಗೆ ಗೊತ್ತಿರಲಿ.

ನಮ್ಮ ಕಟ್ಟಡದಲ್ಲಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ವಾದ ಸ್ವಲ್ಪ ದಿನ ನಡೆಯಿತು. ನಾಲ್ಕು ಮಹಡಿಗೆ ವೇಗ ಹೆಚ್ಚಿಸಿ ಉಳಿಯುವುದು ಕೆಲವೇ ಸೆಕೆಂಡು ಎಂದು ನಾಲ್ಕನೆಯ ಮಹಡಿಯ ಅಜ್ಜಿಯೇ ಹೇಳಿದ ಮೇಲೆ ಹಳೆಯ 0.68 ಉಳಿಯಿತು. ಫಾಲ್ಸ್ ಸೀಲಿಂಗ್ ಬಿಟ್ಟೆವು, ದೀಪಗಳು ಗೋಡೆಯ ಅಂಚಿಗೆ ಬಂದವು, ನೆತ್ತಿ 2,250ರಲ್ಲೇ ನಿಂತಿತು. ಗ್ರಾನೈಟಿನ ಬದಲು ವಿನೈಲ್ ಹಾಳೆ. ಏಪ್ರನ್ ಮಡಚಿಕೊಳ್ಳುವ ಬಗೆಯದು. ಅದಕ್ಕೆ ಆರು ವಾರ ಕಾಯಬೇಕಾಯಿತು, ಆ ಆರು ವಾರ ಎಲ್ಲರೂ ಮೆಟ್ಟಿಲು ಹತ್ತಿದೆವು. ಗುಂಡಿಗೆ ನೀರು ಒಸರದಂತೆ ಒಳಗಿನಿಂದ ಗಾರೆ ಮಾಡಿಸಿದೆವು. ಬಫರಿನ ಪಕ್ಕದ ಗೋಡೆಗೆ ನಾನೇ ಕೆಂಪು ಬಣ್ಣದಲ್ಲಿ ಗೆರೆ ಎಳೆದು '150, ಇದಕ್ಕಿಂತ ಹೆಚ್ಚು ಬೇಡ' ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆದಿದ್ದೇನೆ. ಈಗ ಸರ್ವಿಸಿಗೆ ಬರುವ ಹುಡುಗ ಬಿಹಾರದವನು.

ಅಳತೆಯ ಹಾಳೆಯ ಮಾದರಿಯನ್ನು ಈ ಪತ್ರದ ಜೊತೆಗೆ ಲಗತ್ತಿಸಿ ತಮ್ಮ ಕಚೇರಿಗೆ ಕಳುಹಿಸುತ್ತಿದ್ದೇನೆ. ಒಂದೇ ಪುಟ. ಅದನ್ನು ತಿದ್ದಿ ತಮ್ಮದೇ ಮಾಡಿಕೊಳ್ಳಿ. ಪಕ್ಕದ ರಸ್ತೆಯ ಕಟ್ಟಡದವರು ಮುಂದಿನ ಭಾನುವಾರ ತಮ್ಮ ಲಿಫ್ಟ್ ಅಳೆದುಕೊಡಲು ಕರೆದಿದ್ದಾರೆ, ಹೋಗುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲಿಫ್ಟ್ ಮೆಕ್ಯಾನಿಕ್
ಬೆಂಗಳೂರು